ಓದುಗರ ಪ್ರಶ್ನೆ: ಮೊದಲು ಹಿಡಿದ ಧ್ಯಾನವನ್ನು ಬಿಡುವುದು ಚಂಚಲತೆಯೇ?

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಉಸಿರನ್ನು ಗಮನಿಸುವ ಧ್ಯಾನದ ಬಗ್ಗೆ ಬರೆದಿದ್ದೆ. ಅದನ್ನು ಓದಿ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಪತ್ರ ಬರೆದವರಲ್ಲಿ ಹೆಚ್ಚಿನವರು ಈಗಾಗಲೇ ಧ್ಯಾನ ಮಾಡುತ್ತಿರುವವರು; ಹಿಡಿದದ್ದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದೇ ಎಂಬುದು ಅವರ ಪ್ರಶ್ನೆ. ಆದ್ದರಿಂದ ಈ ಸಲ ಅದೇ ವಿಷಯದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ. ವಯಸ್ಸು 44. ಎಂಟು ವರ್ಷಗಳ ಹಿಂದೆ ಆರು ಜನ ಗೆಳೆಯರ ಜೊತೆ ಉಸಿರನ್ನೂ ಮೈಮೇಲಿನ ಸಂವೇದನೆಗಳನ್ನೂ ಗಮನಿಸುವ ವಿಪಶ್ಯನ ಧ್ಯಾನದ ಹತ್ತು ದಿನಗಳ ಶಿಬಿರಕ್ಕೆ ಹೋಗಿ ಬಂದೆ. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ ತಪ್ಪದೆ ಕೂಡುತ್ತಿದ್ದೇನೆ. ಮೊದಲ ಮೂರು ವರ್ಷಗಳಲ್ಲಿ ಸಿಟ್ಟು ಇಳಿಯಿತು, ನಿದ್ದೆ ಸುಧಾರಿಸಿತು, ಮಕ್ಕಳನ್ನು ಹೊಡೆಯುವುದು ನಿಂತಿತು. ಆದರೆ ಈಗ ಒಂದೂವರೆ ವರ್ಷದಿಂದ ಕೂತರೆ ಏನೂ ಆಗುವುದಿಲ್ಲ. ಉಸಿರು ಕೂಡ ಸಿಗುವುದಿಲ್ಲ, ಮೈಮೇಲೆ ಯಾವ ಸಂವೇದನೆಯೂ ತಿಳಿಯುವುದಿಲ್ಲ. ಈ ನಡುವೆ, ಚಿಕ್ಕಂದಿನಲ್ಲಿ ಮನೆಯಲ್ಲಿ ಹೇಳಿಕೊಟ್ಟ ಪಂಚಾಕ್ಷರಿ ಮಂತ್ರದ ಜಪ ತಾನಾಗಿಯೇ ಬರುತ್ತಿದೆ, ಅದರಲ್ಲಿ ಮನಸ್ಸು ತೃಪ್ತಿಯಾಗಿ ನಿಲ್ಲುತ್ತಿದೆ. ನನ್ನ ಜೊತೆ ಶಿಬಿರ ಮಾಡಿದ ಗೆಳೆಯರಲ್ಲಿ ಐದು ಜನ ಬೇರೆ ಬೇರೆ ಪದ್ಧತಿಗಳಿಗೆ ಹೋಗಿದ್ದಾರೆ. ಹಿರಿಯ ಸಾಧಕರೊಬ್ಬರನ್ನು ಕೇಳಿದರೆ, 'ಹತ್ತು ಕಡೆ ಹತ್ತತ್ತು ಅಡಿ ತೋಡಿದರೆ ಎಲ್ಲಿಯೂ ನೀರು ಸಿಗುವುದಿಲ್ಲ' ಎಂದರು. ಜನ ಮೊದಲ ಪದ್ಧತಿಯನ್ನು ಏಕೆ ಬಿಡುತ್ತಾರೆ? ನಾನು ಬಿಡಬಹುದೇ?

ಉತ್ತರ: ಬಾವಿಯ ಮಾತಿನಿಂದಲೇ ಆರಂಭಿಸುತ್ತೇನೆ. ಆ ಹಿರಿಯರು ಹೇಳಿದ್ದು ಅನುಭವದ ಮಾತು, ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಕಡೆಯ ರೈತರಿಗೆ ಅದರ ಇನ್ನೊಂದು ಮಗ್ಗುಲೂ ಗೊತ್ತಿದೆ. ಆರು ನೂರು ಅಡಿ ಕೊರೆಸಿದ ಮೇಲೂ ಬರೀ ಕಲ್ಲಿನ ಪುಡಿಯೇ ಮೇಲೆ ಬರುತ್ತಿದ್ದರೆ ಯಾವ ರೈತನೂ ಅದೇ ಜಾಗದಲ್ಲಿ ಇನ್ನೂ ಆರು ನೂರು ಅಡಿಗೆ ಸಾಲ ಮಾಡುವುದಿಲ್ಲ. ಪಾಯಿಂಟ್ ಬದಲಿಸುತ್ತಾನೆ, ಅವನನ್ನು ಯಾರೂ ಚಂಚಲ ಎನ್ನುವುದಿಲ್ಲ. ಮೂವತ್ತು ಅಡಿಗೇ ಬೇಸತ್ತು ಗಾಡಿ ಎತ್ತಿಸಿದವನನ್ನು ಮಾತ್ರ ಊರು ಆಡಿಕೊಳ್ಳುತ್ತದೆ. ಹಾಗಾಗಿ ಒಂದು ಪದ್ಧತಿಯನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂಬುದು, ಎಷ್ಟು ಆಳಕ್ಕೆ ಇಳಿದು ಏನನ್ನು ಕಂಡ ಮೇಲೆ ಬಿಟ್ಟಿರಿ ಎಂಬುದನ್ನು ಅವಲಂಬಿಸಿದೆ.

ಜನ ಮೊದಲ ಪದ್ಧತಿಯಿಂದ ಸರಿಯುವುದಕ್ಕೆ ನಾನು ಕಂಡಿರುವ ಅತಿ ಸಾಮಾನ್ಯ ಕಾರಣವೆಂದರೆ, ಅದನ್ನು ಅವರು ಆರಿಸಿಕೊಂಡೇ ಇರುವುದಿಲ್ಲ. ಅದು ಮನೆಯಲ್ಲಿ ಮೊದಲಿನಿಂದ ಇದ್ದದ್ದು, ಓಣಿಯವರು ಕರೆದುಕೊಂಡು ಹೋದದ್ದು, ಅಥವಾ ನಿಮ್ಮಂತೆ ಗೆಳೆಯರು ಹೊರಟಾಗ ಜೊತೆಯಾದದ್ದು. ನನಗೆ ಅದು ಅಜ್ಜಿಯಿಂದ ಬಂತು. ಕೊಪ್ಪಳದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಬೆಳಗಿನ ಜಾವ ಅಜ್ಜಿಯ ಪಕ್ಕದಲ್ಲಿ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು, ಗೂಡಿನಲ್ಲಿದ್ದ ದೀಪದ ಬೆಳಕು ಲಿಂಗದ ಕಪ್ಪು ಮೈಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ನಿಲ್ಲುವುದನ್ನು ನೋಡುತ್ತಿದ್ದೆ. ರೆಪ್ಪೆ ಬಡಿಯದೆ ನೋಡುತ್ತಿದ್ದರೆ ಆ ಚುಕ್ಕೆ ಹಿಗ್ಗುತ್ತಿತ್ತು; ಕಣ್ಣಿನಲ್ಲಿ ನೀರು ತುಂಬಿದರೆ ಎರಡಾಗುತ್ತಿತ್ತು; ತೋಳು ಸೋತು ಅಂಗೈ ಒಂದಿಷ್ಟು ವಾಲಿದರೆ ಮಾಯವಾಗುತ್ತಿತ್ತು. 'ಕೈ ಇಳೀತು ನೋಡಪಾ' ಎಂಬ ಒಂದು ಮಾತನ್ನು ಬಿಟ್ಟರೆ ಅಜ್ಜಿ ಬೇರೇನನ್ನೂ ಕಲಿಸಲಿಲ್ಲ. ಮನಸ್ಸು ಎಲ್ಲಿಗೆ ಹೋಗಿದೆ ಎಂಬುದು ಅಂಗೈಯ ವಾಲುವಿಕೆಯಲ್ಲಿಯೇ ತಿಳಿಯುತ್ತದೆ ಎಂಬುದನ್ನು ನಾನು ಅರಿತುಕೊಂಡದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಆ ವಿಧಾನ ನನ್ನ ಸ್ವಭಾವಕ್ಕೆ ಹೊಂದುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಅದು ಮನೆಯ ಪದ್ಧತಿಯಾಗಿತ್ತು, ನಾನು ಆ ಮನೆಯ ಮಗನಾಗಿದ್ದೆ, ಅಷ್ಟೇ.

ಸ್ವಭಾವವನ್ನು ನೋಡಿ ವಿಧಾನವನ್ನು ಕೊಡಬೇಕು ಎಂಬುದು ಹಳೆಯ ವಿವೇಕ. 5ನೆಯ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷನು ವಿಶುದ್ಧಿಮಗ್ಗವೆಂಬ ಗ್ರಂಥದಲ್ಲಿ 40 ಧ್ಯಾನವಿಷಯಗಳನ್ನು ಹೇಳಿ, ಮನುಷ್ಯರ ಸ್ವಭಾವಗಳನ್ನು ಆರು ಬಗೆಯಾಗಿ ವಿಂಗಡಿಸಿ, ಯಾರಿಗೆ ಯಾವುದು ಹಿತವೆಂದು ತಿಳಿಸುತ್ತಾನೆ. ವಿತರ್ಕ ಹೆಚ್ಚಾಗಿ ಮನಸ್ಸು ಓಡಾಡುವವನಿಗೆ ಉಸಿರು, ದ್ವೇಷದ ಸ್ವಭಾವದವನಿಗೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು, ಶ್ರದ್ಧೆ ಪ್ರಧಾನವಾಗಿರುವವನಿಗೆ ಬುದ್ಧ ಮೊದಲಾದವರ ಅನುಸ್ಮೃತಿ, ಅಂದರೆ ಅವರ ಗುಣಗಳನ್ನು ನೆನೆಯುವುದು. ಬುದ್ಧವಚನಗಳ ಸಂಗ್ರಹವಾದ ಧಮ್ಮಪದದ ಅಟ್ಠಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಒಂದು ಪ್ರಸಂಗ ಬರುತ್ತದೆ. ಬುದ್ಧನ ಹಿರಿಯ ಶಿಷ್ಯ ಸಾರಿಪುತ್ರನು ತನ್ನ ಯುವಶಿಷ್ಯನೊಬ್ಬನಿಗೆ ದೇಹದ ಅಶುಚಿಯನ್ನು ಭಾವಿಸುವ ಧ್ಯಾನವನ್ನು ಕೊಡುತ್ತಾನೆ. ಯುವಕನಿಗೆ ರಾಗ ಹೆಚ್ಚಿರುತ್ತದೆ ಎಂಬ ಲೆಕ್ಕ ಅದು. ಆದರೆ ಆ ಶಿಷ್ಯನಿಗೆ ಮನಸ್ಸು ನಿಲ್ಲುವುದೇ ಇಲ್ಲ. ಕೊನೆಗೆ ಅವನನ್ನು ಬುದ್ಧನ ಬಳಿಗೆ ಕರೆದೊಯ್ಯುತ್ತಾರೆ. ಅವನು ಅಕ್ಕಸಾಲಿಗರ ಮನೆಯ ಮಗ, ಹೊಳಪನ್ನೂ ಚೆಲುವನ್ನೂ ನೋಡಿ ಬೆಳೆದವನು. ಬುದ್ಧನು ಅವನ ಕೈಗೆ ಸುಂದರವಾದ ಒಂದು ತಾವರೆಯನ್ನು ಕೊಡುತ್ತಾನೆ. ಅದನ್ನು ನೋಡುತ್ತ ಅವನ ಮನಸ್ಸು ನಿಲ್ಲುತ್ತದೆ. ಆಮೇಲೆ ಅದೇ ತಾವರೆ ಬಾಡುವುದನ್ನು ನೋಡಿ ಅನಿತ್ಯವು ಅರಿವಿಗೆ ಬರುತ್ತದೆ. ಸಾರಿಪುತ್ರನಂಥ ಗುರುವಿಗೂ ಶಿಷ್ಯನ ಸ್ವಭಾವ ತಪ್ಪಿ ಕಂಡಿತ್ತು ಎಂಬುದು ಈ ಕಥೆಯಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುತ್ತದೆ. ಇನ್ನು, ಗೆಳೆಯರ ಜೊತೆಗೆ ರೈಲು ಹತ್ತಿ ಹೋಗಿ ಕಲಿತ ವಿಧಾನ ಏಳೂ ಜನರಿಗೆ ಸಮನಾಗಿ ಹೊಂದಬೇಕೆಂದರೆ ಹೇಗೆ?

ಇನ್ನೊಂದು ಕಾರಣ, ವಿಧಾನವು ತನ್ನ ಕೆಲಸವನ್ನು ಮುಗಿಸಿರುವುದು. ಮೇಘಿಯನೆಂಬ ಭಿಕ್ಷುವಿಗೆ ಬುದ್ಧನು ರಾಗಕ್ಕೆ ಅಶುಭಭಾವನೆ (ದೇಹದ ಅಶುಚಿಯನ್ನು ಭಾವಿಸುವುದು), ದ್ವೇಷಕ್ಕೆ ಮೈತ್ರಿ, ವಿತರ್ಕಕ್ಕೆ ಆನಾಪಾನ (ಉಸಿರಿನ ಮೇಲೆ ಗಮನ), ನಾನೆಂಬ ಅಭಿಮಾನಕ್ಕೆ ಅನಿತ್ಯಸಂಜ್ಞೆ (ಎಲ್ಲವೂ ಅನಿತ್ಯವೆಂಬ ಅರಿವು) ಎಂದು ನಾಲ್ಕು ದೋಷಗಳಿಗೆ ನಾಲ್ಕು ಮದ್ದುಗಳನ್ನು ಹೇಳುತ್ತಾನೆ. ಮದ್ದನ್ನು ರೋಗಕ್ಕೆ ತಕ್ಕಂತೆ ಕೊಟ್ಟಿದ್ದರೆ, ರೋಗ ಬದಲಾದಾಗ ಮದ್ದೂ ಬದಲಾಗುವುದು ಸಹಜ. ಈಚಿನ ಸಂಶೋಧನೆಯೂ ಇದನ್ನು ಒಪ್ಪುವಂತಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟಾನಿಯಾ ಸಿಂಗರ್ ಅವರ ತಂಡವು ಸುಮಾರು 300 ಜನರನ್ನು ಒಂಬತ್ತು ತಿಂಗಳ ಯೋಜನೆಯಲ್ಲಿ ತೊಡಗಿಸಿ, ಉಸಿರು ಮತ್ತು ದೇಹದ ಮೇಲಿನ ಗಮನ, ಮೈತ್ರಿ ಮತ್ತು ಕೃತಜ್ಞತೆಯ ಭಾವನೆ, ತನ್ನ ಮತ್ತು ಇತರರ ಆಲೋಚನೆಗಳನ್ನು ದೂರದಿಂದ ನೋಡುವುದು ಎಂಬ ಮೂರು ಬಗೆಯ ಅಭ್ಯಾಸಗಳನ್ನು ತಲಾ ಮೂರು ತಿಂಗಳು ಮಾಡಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಉಸಿರಿನ ಅಭ್ಯಾಸವನ್ನಷ್ಟೇ ಮಾಡಿದವರಿಗೆ ಒತ್ತಡ ಕಡಿಮೆಯಾಯಿತೆಂದು ಅನ್ನಿಸಿದರೂ, ಜನರೆದುರು ಪರೀಕ್ಷೆಗೆ ನಿಲ್ಲಿಸಿದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣ ಇಳಿಯಲಿಲ್ಲ. ಅದು ಇಳಿದದ್ದು ಇನ್ನೆರಡು ಅಭ್ಯಾಸಗಳ ನಂತರ. ಅಂದರೆ ಧ್ಯಾನವೆಂದು ನಾವು ಒಂದೇ ಹೆಸರಿನಿಂದ ಕರೆಯುವ ಸಂಗತಿಗಳು ಮಾಡುವ ಕೆಲಸಗಳು ಬೇರೆ ಬೇರೆ. ಸಿಟ್ಟು ಮತ್ತು ನಿದ್ದೆಯ ತೊಂದರೆಯನ್ನು ಹೊತ್ತುಕೊಂಡು ಹೋದ ನಿಮಗೆ ಅವೆರಡೂ ಮೂರು ವರ್ಷಗಳಲ್ಲಿ ಹಗುರಾದವು. ಈಗ ನಿಮ್ಮೊಳಗೆ ಕೇಳುತ್ತಿರುವುದು ಬೇರೆ ಏನೋ ಇರಬಹುದು, ಅದು ಶ್ರದ್ಧೆಯ ಕಡೆಗೆ ತಿರುಗಿರಲೂಬಹುದು.

ಇರಬಹುದು ಎಂದೆ. ಹೌದು ಎನ್ನುವ ಮೊದಲು ನಿಮ್ಮ ಪತ್ರದ ಒಂದು ವಾಕ್ಯವನ್ನು ನಾನು ನಾಲ್ಕಾರು ಸಲ ಓದಿದೆ: 'ಉಸಿರು ಕೂಡ ಸಿಗುವುದಿಲ್ಲ.' ಇದು ಒಣಗಿದ ಲಕ್ಷಣ ಎಂದು ನೀವು ತಿಳಿದಿದ್ದೀರಿ. ಬುದ್ಧಘೋಷನು ಇದನ್ನೇ ಉಸಿರಿನ ಧ್ಯಾನದ ವಿಶೇಷವೆಂದು ಹೇಳುತ್ತಾನೆ. ಉಳಿದ ಧ್ಯಾನವಿಷಯಗಳು ಅಭ್ಯಾಸ ಬಲಿತಷ್ಟೂ ಸ್ಪಷ್ಟವಾಗುತ್ತ ಹೋಗುತ್ತವೆ. ಉಸಿರು ಮಾತ್ರ ಸೂಕ್ಷ್ಮವಾಗುತ್ತ ಹೋಗಿ, ಕಡೆಗೆ ಇದೆಯೋ ಇಲ್ಲವೋ ಎಂಬಂತಾಗುತ್ತದೆ. ಆಗ ಎದ್ದು ಹೋಗಬಾರದು ಎಂದು ಅವನು ಎಚ್ಚರಿಸಿ, ಒಬ್ಬ ಒಕ್ಕಲಿಗನ ಉದಾಹರಣೆ ಕೊಡುತ್ತಾನೆ. ಉಳುಮೆ ಮುಗಿಸಿ ಎತ್ತುಗಳನ್ನು ಮೇಯಲು ಬಿಟ್ಟವನು ನೆರಳಿನಲ್ಲಿ ಕೂತಿರುವಾಗ ಅವು ಕಾಡು ಸೇರುತ್ತವೆ. ಜಾಣನಾದ ಒಕ್ಕಲಿಗನು ಹೆಜ್ಜೆಗುರುತು ಹಿಡಿದು ಕಾಡೆಲ್ಲ ಅಲೆಯುವುದಿಲ್ಲ. ಹಗ್ಗವನ್ನೂ ಬಾರುಕೋಲನ್ನೂ ತೆಗೆದುಕೊಂಡು ನೇರವಾಗಿ ಅವು ನೀರು ಕುಡಿಯಲು ಬರುವ ಜಾಗಕ್ಕೆ ಹೋಗಿ ಕಾಯುತ್ತಾನೆ. ಹಾಗೆಯೇ ಉಸಿರು ಸಹಜವಾಗಿ ತಾಗುವ ಜಾಗದಲ್ಲಿ, ಮೂಗಿನ ತುದಿಯಲ್ಲೋ ಮೇಲ್ದುಟಿಯಲ್ಲೋ, ಗಮನವಿಟ್ಟು ಕಾಯಬೇಕು. ನಿಮ್ಮ ಒಂದೂವರೆ ವರ್ಷದ ಬರಡುತನ ಇದೇ ಆಗಿದ್ದರೆ, ನೀವು ಎತ್ತು ನೀರಿಗೆ ಬರುವ ಹೊತ್ತಿಗೆ ಜಾಗ ಬಿಟ್ಟು ಹೊರಟಂತಾಗುತ್ತದೆ. ಅನೇಕರು ಹೊರಡುವುದು ಇಲ್ಲಿಯೇ ಎಂಬುದನ್ನು ನಾನು ಕಂಡಿದ್ದೇನೆ. ಮೊದಲ ವರ್ಷಗಳ ಲಾಭ ಕಣ್ಣಿಗೆ ಕಾಣುವಂಥದು, ಮನೆಯವರೂ ಗುರುತಿಸುವಂಥದು. ಆಮೇಲಿನದು ಹಾಗೆ ಕಾಣುವುದಿಲ್ಲ.

ಇನ್ನೂ ಒಂದು ಕಾರಣವಿದೆ, ಅದನ್ನು ನನ್ನ ಅನುಭವದಿಂದ ಹೇಳಬೇಕು. ಉಸಿರಿನ ಅಭ್ಯಾಸದಲ್ಲಿ ಐದನೆಯ ವರ್ಷದಲ್ಲಿದ್ದಾಗ, ದಿನವೂ ಕೂತ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ತಮ್ಮನ ಜೊತೆ ಹೊಲದ ಪಾಲಿಗಾಗಿ ಆಡಿದ ಮಾತುಗಳು ಎದೆಯಲ್ಲಿ ಕಲ್ಲಿನ ಹಾಗೆ ಏಳತೊಡಗಿದವು. ನಾನು ಆಡಿದ ಮಾತುಗಳೇ ಹೆಚ್ಚು. ಎರಡು ತಿಂಗಳು ತಾಳಿಕೊಂಡು, ಈ ಪದ್ಧತಿ ತೀರಾ ಶುಷ್ಕ, ನನಗೆ ಭಕ್ತಿಮಾರ್ಗವೇ ಸರಿ ಎಂದು ತೀರ್ಮಾನಿಸಿ ಜಪಕ್ಕೆ ತಿರುಗಿದೆ. ಜಪದ ಸದ್ದಿನಲ್ಲಿ ಆ ಮಾತುಗಳು ಕೇಳಿಸಲಿಲ್ಲ. ನಾಲ್ಕು ವರ್ಷಗಳು ಕಳೆದು ಯಾವುದೋ ನೆಪದಲ್ಲಿ ಮತ್ತೆ ಉಸಿರಿನ ಮುಂದೆ ಕೂತಾಗ, ಇಪ್ಪತ್ತು ನಿಮಿಷ ದಾಟುತ್ತಲೇ ಅದೇ ಕಲ್ಲು ಅದೇ ಜಾಗದಲ್ಲಿತ್ತು. ಜಪದಲ್ಲಿ ದೋಷವಿರಲಿಲ್ಲ. ನಾನು ಅದರ ಹಿಂದೆ ಅವಿತುಕೊಂಡಿದ್ದೆ. ಆ ನಾಲ್ಕು ವರ್ಷಗಳಲ್ಲಿ ತಮ್ಮನ ಮನೆಯ ಒಂದು ಮದುವೆಗೂ ಹೋಗಿರಲಿಲ್ಲ ಎಂಬುದು ಇಂದಿಗೂ ನೋಯಿಸುತ್ತದೆ. ಆದ್ದರಿಂದ ಯಾರಾದರೂ ಪದ್ಧತಿ ಬದಲಿಸುತ್ತೇನೆ ಎಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬಿಡಬೇಕೆಂದು ಅನ್ನಿಸಿದ ವಾರದಲ್ಲಿ ಕೂತಾಗ ಏನು ಮೇಲೆದ್ದು ಬರುತ್ತಿತ್ತು? ಏನೂ ಬರುತ್ತಿರಲಿಲ್ಲ, ತೃಪ್ತಿಯಿಂದಲೇ ಇದ್ದೆ, ಆದರೂ ಮನಸ್ಸು ಮುಂದಿನದನ್ನು ಕೇಳಿತು ಎಂದರೆ ಅದು ಒಂದು. ಸಹಿಸಲಾರದ್ದೇನೋ ಬರುತ್ತಿತ್ತು ಎಂದರೆ ಅದು ಬೇರೆಯೇ.

ಜಪದಲ್ಲಿ ಮನಸ್ಸು ತೃಪ್ತಿಯಾಗಿ ನಿಲ್ಲುತ್ತಿದೆ ಎಂದು ಬರೆದಿದ್ದೀರಿ. ಸಂತೋಷದ ವಿಷಯ. ಆದರೆ ಅದು ಮಂತ್ರದ ಗುಣವೆಂದು ಪೂರ್ತಿಯಾಗಿ ನಂಬುವ ಮೊದಲು ಎಂಟು ವರ್ಷಗಳ ಬೆಳಗಿನ ಗಂಟೆಗಳನ್ನು ನೆನೆಯಿರಿ. ಎಡದಂಡೆ ಕಾಲುವೆಯ ನೀರು ಹೊಲಕ್ಕೆ ಹರಿಯುವಾಗ ತೂಬು ಎತ್ತಿದವನ ಕೈಯಷ್ಟೇ ನಮಗೆ ಕಾಣುತ್ತದೆ. ನೀರು ಅಷ್ಟು ದೂರದಿಂದ ಬಂದಿರುತ್ತದೆ. ಪದ್ಧತಿ ಬದಲಿಸಿದವರು ಹೊಸದನ್ನು ಹೊಗಳಿ ಹಳೆಯದನ್ನು ತೆಗಳುವುದರ ಹಿಂದೆ ಬಹಳ ಸಲ ಈ ಮರೆವು ಇರುತ್ತದೆ. ಇದೇ ಮಂತ್ರವನ್ನು ಎಂಟು ವರ್ಷಗಳ ಹಿಂದೆ, ಆ ಸಿಟ್ಟು ಮತ್ತು ನಿದ್ದೆಗೇಡಿನ ನಡುವೆ ಹಿಡಿದಿದ್ದರೆ ಅದು ಇಷ್ಟು ಸುಲಭವಾಗಿ ನಿಲ್ಲುತ್ತಿರಲಿಲ್ಲ.

ಏಳು ಜನ ಹೋಗಿ, ಐದು ಜನ ಚದುರಿ, ನೀವು ಒಬ್ಬರೇ ಕೂಡುತ್ತಿರುವಂತೆ ಪತ್ರದಿಂದ ತೋರುತ್ತದೆ. ಇದರ ಬಗ್ಗೆ ನಮ್ಮ ನೆಲದ ಕಲ್ಲೇ ಒಂದು ಮಾತು ಹೇಳುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ನಿಮ್ಮ ಊರಿಗೆ ಹತ್ತಿರವಿರುವ ಮಸ್ಕಿಯಲ್ಲಿ ಅಶೋಕನ ಕಿರುಶಾಸನಗಳಿವೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಇರುವುದನ್ನು ನೀವು ಮಕ್ಕಳಿಗೆ ಪಾಠದಲ್ಲಿ ಹೇಳಿರುತ್ತೀರಿ. ಅಶೋಕನ ಈ ಕಿರುಶಾಸನದ ಬೇರೆ ಬೇರೆ ಊರುಗಳ ಪ್ರತಿಗಳನ್ನು ಸೇರಿಸಿ ಓದಿದರೆ ಒಕ್ಕಣೆಯ ಸಾರ ಹೀಗಿದೆ: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು, ಆದರೆ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ವರ್ಷಕ್ಕೂ ಮಿಕ್ಕಿ ತೀವ್ರವಾಗಿ ಪ್ರಯತ್ನಿಸಿದ್ದೇನೆ. ಅದು ಧ್ಯಾನದ ಕುರಿತಾದ ಶಾಸನವಲ್ಲ, ಧರ್ಮಾಚರಣೆಯ ಕುರಿತಾದದ್ದು. ಆದರೂ ಚಕ್ರವರ್ತಿಯೊಬ್ಬನು ತನ್ನ ಒಂದು ವರ್ಷದ ಜಡತನವನ್ನು ಬಂಡೆಯ ಮೇಲೆ ಬರೆಸಿದ್ದನ್ನು ಓದುವಾಗ ಮನಸ್ಸು ಆರ್ದ್ರವಾಗುತ್ತದೆ. ಜಡತನ ಬಂದಾಗ ಅವನು ದಾರಿಯನ್ನು ಬದಲಿಸಲಿಲ್ಲ, ಸಂಗವನ್ನು ಹುಡುಕಿದನು. ನಿಮಗೂ ಹೊಸ ಪದ್ಧತಿಗಿಂತ ಮೊದಲು, ವಾರಕ್ಕೊಮ್ಮೆ ಜೊತೆಗೆ ಕೂಡುವ ಇಬ್ಬರು ಬೇಕಾಗಿರಬಹುದು. ಬಿಟ್ಟುಹೋಗದೆ ಉಳಿದಿರುವ ಆ ಒಬ್ಬ ಗೆಳೆಯರಿಂದ ಆರಂಭಿಸಿ. ಸಾಧ್ಯವಾದರೆ ಬೇಸಿಗೆ ರಜೆಯಲ್ಲಿ ಇನ್ನೊಂದು ಶಿಬಿರವನ್ನು ಮಾಡಿ, ಈ ಬರಡುತನವನ್ನು ಅಲ್ಲಿಯ ಆಚಾರ್ಯರ ಮುಂದೆ ಇಡಿ.

ನನ್ನ ಸಲಹೆ ಹೀಗಿದೆ. ಮೂರು ತಿಂಗಳು, ಒಕ್ಕಲಿಗನು ನೀರಿನ ಜಾಗದಲ್ಲಿ ಕಾದ ಹಾಗೆ, ಉಸಿರು ತಾಗುವ ಜಾಗದಲ್ಲಿ ಕಾಯಿರಿ. ಜಪವನ್ನು ತಡೆಯಬೇಡಿ, ಆದರೆ ಬೆಳಗಿನ ಆ ಒಂದು ಗಂಟೆಗೆ ಅದನ್ನು ಬೆರೆಸಬೇಡಿ. ಒಂದೇ ಕೂಟದಲ್ಲಿ ಎರಡು ವಿಧಾನಗಳನ್ನು ಹೂಡಿದರೆ ಒಂದರ ಕಷ್ಟದಿಂದ ಇನ್ನೊಂದಕ್ಕೆ ಜಾರುವುದು ಅಭ್ಯಾಸವಾಗಿಬಿಡುತ್ತದೆ. ಮೂರು ತಿಂಗಳ ನಂತರವೂ ಜಪವು ಅದೇ ಒಲವಿನಿಂದ ಕರೆಯುತ್ತಿದ್ದರೆ, ಬೇಸರದ ದಿನದಲ್ಲಿ ಬೇಡ, ಚೆನ್ನಾಗಿ ಕೂತ ಒಂದು ಬೆಳಿಗ್ಗೆ ತೀರ್ಮಾನ ಮಾಡಿ ಪೂರ್ತಿಯಾಗಿ ಅದಕ್ಕೆ ಹೋಗಿ. ಹೋದ ಮೇಲೆ ಎರಡು ವರ್ಷಗಳವರೆಗೆ ಈ ಪ್ರಶ್ನೆಯನ್ನು ಮತ್ತೆ ಎತ್ತಬೇಡಿ.

ಪ್ರಶ್ನೆ: ಬಳ್ಳಾರಿಯ ಸಿದ್ಧ ಉಡುಪಿನ ಘಟಕವೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ವಯಸ್ಸು 27. ಹದಿನಾಲ್ಕು ತಿಂಗಳುಗಳಲ್ಲಿ ಮೊಬೈಲ್ ಆ್ಯಪ್ ಮೂಲಕ ಉಸಿರು ಎಣಿಸುವುದು, ದೇಹದ ಅಂಗಾಂಗಗಳ ಮೇಲೆ ಗಮನ, ಯೋಗನಿದ್ರೆ, ಮೇಣದ ಬತ್ತಿಯ ಜ್ವಾಲೆಯಲ್ಲಿ ದೃಷ್ಟಿ ನಿಲ್ಲಿಸುವ ತ್ರಾಟಕ, ನಾದಧ್ಯಾನ ಇವೆಲ್ಲವನ್ನೂ ಮಾಡಿ ನೋಡಿದ್ದೇನೆ. ಯಾವುದೂ ಮೂರು ವಾರ ದಾಟಿಲ್ಲ. ಉಸಿರು ಎಣಿಸುವುದು ಸ್ವಲ್ಪ ಹಿಡಿಸಿತ್ತು. ನನಗೆ ಹೊಂದುವ ಪದ್ಧತಿಯನ್ನು ಹೇಗೆ ಕಂಡುಕೊಳ್ಳುವುದು?

ಉತ್ತರ: ತಂಗಿ, ಮೇಲಿನ ಶಿಕ್ಷಕರಿಗೆ ಬರೆದದ್ದು ನಿಮಗೆ ಅನ್ವಯಿಸುವುದಿಲ್ಲ, ಏಕೆಂದರೆ ನಿಮಗೆ ಬಿಡುವುದಕ್ಕೆ ಮೊದಲ ಪದ್ಧತಿ ಎಂಬುದು ಇನ್ನೂ ಆಗಿಲ್ಲ. ಇದರಲ್ಲಿ ನಿಮ್ಮ ತಪ್ಪು ಕಡಿಮೆ. ಮೊದಲೆಲ್ಲ ಊರಿನಲ್ಲಿ ಒಂದೋ ಎರಡೋ ವಿಧಾನಗಳು ಸಿಗುತ್ತಿದ್ದವು. ಈಗ ಬೆಳಿಗ್ಗೆ ಕಣ್ಣು ಬಿಡುವ ಹೊತ್ತಿಗೆ ಬೆರಳ ತುದಿಯಲ್ಲಿ ನೂರು ಇರುತ್ತವೆ, ಇಂದು ಯಾವುದು ಎಂದು ಆರಿಸುವುದೇ ಅಭ್ಯಾಸದ ಜಾಗವನ್ನು ತಿನ್ನುತ್ತದೆ.

ಪತಂಜಲಿಯು ಯೋಗಸೂತ್ರದ ಮೊದಲ ಪಾದದಲ್ಲಿ ಚಿತ್ತವನ್ನು ಚದುರಿಸುವ ಒಂಬತ್ತು ಅಡ್ಡಿಗಳನ್ನು ಹೇಳುತ್ತಾನೆ. ಅವುಗಳಲ್ಲಿ ಕೊನೆಯ ಎರಡು, ನೆಲೆ ಸಿಗದಿರುವುದು ಮತ್ತು ಸಿಕ್ಕ ನೆಲೆಯಲ್ಲಿ ನಿಲ್ಲದಿರುವುದು. ಅವಕ್ಕೆ ಅವನ ಪರಿಹಾರ ಒಂದೇ ತತ್ತ್ವದ ಅಭ್ಯಾಸ. ಆಶ್ಚರ್ಯವೆಂದರೆ ಹಾಗೆ ಹೇಳಿದ ಬೆನ್ನಲ್ಲೇ ಅವನು ಅನೇಕ ವಿಧಾನಗಳನ್ನು ಸಾಲಾಗಿ ಕೊಡುತ್ತಾನೆ. 34ನೆಯ ಸೂತ್ರದಿಂದ 39ನೆಯದರವರೆಗೆ ಆರೂ ಸೂತ್ರಗಳಲ್ಲಿ 'ವಾ', ಅಂದರೆ 'ಅಥವಾ', ಎಂಬ ಪದವಿದೆ. ಕೊನೆಯದರಲ್ಲಂತೂ ನಿನಗೆ ಇಷ್ಟವಾದುದರ ಧ್ಯಾನದಿಂದಲಾದರೂ ಆಗುತ್ತದೆ ಎನ್ನುತ್ತಾನೆ. ಇವೆರಡರಲ್ಲಿ ವಿರೋಧವಿಲ್ಲ. ಆರಿಸಿಕೊಳ್ಳುವಾಗ ಪೂರ್ಣ ಸ್ವಾತಂತ್ರ್ಯವಿದೆ, ಆರಿಸಿಕೊಂಡ ಮೇಲೆ ಒಂದೇ. ಅಭ್ಯಾಸವು ನೆಲೆಗೊಳ್ಳುವುದು ದೀರ್ಘಕಾಲ, ಬಿಡುವಿಲ್ಲದೆ, ಆದರದಿಂದ ಮಾಡಿದಾಗ ಎಂದು ಅದೇ ಪಾದದ 14ನೆಯ ಸೂತ್ರ ಹೇಳುತ್ತದೆ. ಆ ಆದರ ಎಂಬ ಪದವನ್ನು ಗಮನಿಸಿ. ಪರೀಕ್ಷೆ ಮಾಡಿ ನೋಡುವವರ ಕಣ್ಣಿನಿಂದ ಕೂತಾಗ ಆದರ ಹುಟ್ಟುವುದಿಲ್ಲ, ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವ ಮನಸ್ಸೇ ಉಳಿಯುತ್ತದೆ.

ಉಸಿರು ಎಣಿಸುವುದು ಹಿಡಿಸಿತ್ತು ಎಂದಿದ್ದೀರಲ್ಲ, ಅಷ್ಟು ಸುಳಿವು ಸಾಕು. ದಿನದಲ್ಲಿ ಒಂದು ಹೊತ್ತು ಇಪ್ಪತ್ತು ನಿಮಿಷ, ಹೊರಹೋಗುವ ಉಸಿರಿಗೆ ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕದೆ ಒಂದಕ್ಕೆ ಮರಳಿ. ಹಗಲೆಲ್ಲ ಲೆಕ್ಕ ತಾಳೆ ನೋಡುವ ಕೆಲಸದವರಿಗೆ ಈ ಕೊನೆಯ ಮಾತು ಕಷ್ಟವಾಗುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಹೊತ್ತು ತಿಳಿಯಲು ಗಡಿಯಾರ ಸಾಕು. ಒಂದು ವರ್ಷದ ನಂತರ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ಮಾನ್ವಿಯವಳು, ವಯಸ್ಸು 61. ಮೂವತ್ತು ವರ್ಷಗಳ ಹಿಂದೆ ಗುರುಗಳು ಉಪದೇಶಿಸಿದ ಮಂತ್ರವನ್ನು ದಿನವೂ ಜಪಿಸುತ್ತ ಬಂದಿದ್ದೇನೆ. ಈಚೆಗೆ ಮಗ ಉಸಿರನ್ನು ಗಮನಿಸುವುದನ್ನು ಹೇಳಿಕೊಟ್ಟ. ಜಪಕ್ಕೆ ಕೂತರೆ ಸ್ವಲ್ಪ ಹೊತ್ತಿಗೆ ಮಂತ್ರ ನಿಂತುಹೋಗಿ ಉಸಿರಷ್ಟೇ ಉಳಿಯುತ್ತದೆ. ಮಣಿ ಕೈಯಲ್ಲಿಯೇ ಇರುತ್ತದೆ, ಮುಂದೆ ಸರಿಯುವುದಿಲ್ಲ. ಇದು ಗುರುದ್ರೋಹವಾಗುತ್ತದೆಯೇ ಎಂದು ಅಂಜಿಕೆ.

ಉತ್ತರ: ತಾಯಿ, ಅಂಜಬೇಡಿ. ಮಣಿ ಸರಿಯದೆ ಕೈಯಲ್ಲಿ ನಿಂತದ್ದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಜಪವನ್ನು ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆಯಾಗಿ ಹೇಳಿ, ಗಟ್ಟಿಯಾಗಿ ಹೇಳುವುದಕ್ಕಿಂತ ತುಟಿಯಲ್ಲಿ ಹೇಳುವುದು, ಅದಕ್ಕಿಂತ ಮನಸ್ಸಿನಲ್ಲಿ ಹೇಳುವುದು ಮೇಲು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅಂದರೆ ಜಪದ ನಡಿಗೆಯೇ ಮೌನದ ಕಡೆಗೆ. ಮಂತ್ರ ಮತ್ತು ಉಸಿರು ಬೇರೆ ಬೇರೆ ಮನೆಯವೂ ಅಲ್ಲ. ಹಗಲು ರಾತ್ರಿ ಸೇರಿ ಮನುಷ್ಯನು 21,600 ಬಾರಿ ಉಸಿರಾಡುತ್ತಾನೆಂದು ಲೆಕ್ಕ ಹಾಕಿ, ಆ ಉಸಿರನ್ನೇ ಹಂಸಮಂತ್ರದ ಅಜಪಾ ಜಪ, ಅಂದರೆ ಜಪಿಸದೆಯೇ ನಡೆಯುವ ಜಪ, ಎಂದು ಕರೆದದ್ದು ನಮ್ಮ ಪರಂಪರೆಯೇ. ವೀರಶೈವ-ಲಿಂಗಾಯತ ಸಾಧನೆಯಲ್ಲಿ ಅಂಗೈಯ ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಸಾಗುವ ಕ್ರಮವಿದೆ. ಹಾಗೆ ಸಾಗಿದವರು ಇಷ್ಟಲಿಂಗವನ್ನು ಬಿಟ್ಟರೆಂದು ಯಾರೂ ಹೇಳುವುದಿಲ್ಲ. ನಿಮ್ಮ ಮಾನ್ವಿಯಂತೂ ದಾಸರ ನೆಲ, ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಬ್ಯಾಗವಾಟವೂ ನಿಮ್ಮ ಸುತ್ತಿನಲ್ಲಿಯೇ ಇವೆ. ಶ್ರವಣ, ಕೀರ್ತನ, ಸ್ಮರಣದಿಂದ ಆತ್ಮನಿವೇದನದವರೆಗೆ ಭಕ್ತಿಯ ಒಂಬತ್ತು ಬಗೆಗಳನ್ನು ಹೇಳುವ ಮಾರ್ಗದಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಯುವುದನ್ನು ದ್ರೋಹವೆಂದು ಎಣಿಸಿದವರಿಲ್ಲ.

ಹೊರಗಿನವರು ಇದನ್ನು ಪದ್ಧತಿ ಬದಲಿಸಿದ್ದು ಎಂದು ಕರೆಯಬಹುದು. ನನಗೆ ಅದು ಹಾಗೆ ಕಾಣುವುದಿಲ್ಲ. ಮೊದಲಿನಂತೆ ಜಪದಿಂದಲೇ ಆರಂಭಿಸಿ. ಮಂತ್ರ ತಾನಾಗಿ ನಿಂತರೆ ನಿಲ್ಲಲಿ, ಎಳೆದು ತರಬೇಡಿ. ತಾನಾಗಿ ಮರಳಿದರೆ ಮರಳಲಿ. ಉಪದೇಶ ಕೊಟ್ಟ ಗುರುಗಳು ಇದ್ದರೆ, ನನಗೆ ಬರೆದದ್ದನ್ನೇ ಅವರಿಗೂ ಒಮ್ಮೆ ಹೇಳಿ. ಅಂಜಿಕೆ ಪೂರ್ತಿಯಾಗಿ ಹೋಗುವುದು ಅವರ ಬಾಯಿಂದ ಕೇಳಿದಾಗಲೇ.

ಪ್ರಶ್ನೆ: ಕೊಪ್ಪಳ ಜಿಲ್ಲೆಯವನು, ವಯಸ್ಸು 23. ವಿಡಿಯೊಗಳನ್ನು ನೋಡಿ ಐದು ತಿಂಗಳಿನಿಂದ ದಿನಕ್ಕೆ ನಾಲ್ಕೈದು ಗಂಟೆ ಧ್ಯಾನ ಮಾಡುತ್ತಿದ್ದೇನೆ. ಎರಡು ವಾರಗಳಿಂದ ರಾತ್ರಿ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ನನ್ನವಲ್ಲ ಅನ್ನಿಸಿ ಹೆದರಿಕೆಯಾಗುತ್ತದೆ. ಗೆಳೆಯರು ಇದು ಶಕ್ತಿ ಏಳುವ ಲಕ್ಷಣ, ನಿಲ್ಲಿಸಬೇಡ ಎನ್ನುತ್ತಾರೆ. ಬೇರೆ ಯಾವ ಪದ್ಧತಿಗೆ ಹೋಗಲಿ?

ಉತ್ತರ: ನಿಮ್ಮ ಪತ್ರಕ್ಕೆ ಸಂಚಿಕೆ ಬರುವವರೆಗೆ ಕಾಯಬಾರದೆಂದು ನಾನು ಅದೇ ದಿನ ಫೋನ್ ಮಾಡಿ ಮಾತನಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ಸ್ಥಿತಿಯಲ್ಲಿರುವ ಇತರರಿಗಾಗಿ, ನಿಮ್ಮ ಒಪ್ಪಿಗೆ ಪಡೆದು.

ಈಗ ಯಾವ ಪದ್ಧತಿಯೂ ಬೇಡ. ಧ್ಯಾನವನ್ನು ಪೂರ್ತಿಯಾಗಿ ನಿಲ್ಲಿಸಿ. ತೀವ್ರವಾದ ಅಭ್ಯಾಸದಿಂದ ಕೆಲವರಿಗೆ ನಿದ್ದೆಗೇಡು, ಭಯ, ದೇಹ ತನ್ನದಲ್ಲವೆಂಬ ಅನುಭವ ಆಗುವುದುಂಟು. ಅದನ್ನು ಪ್ರಗತಿಯೆಂದು ಹುರಿದುಂಬಿಸುವುದು ಅಪಾಯ. ವೈಶಾಲಿಯಲ್ಲಿ ಅಶುಭಭಾವನೆಯನ್ನು ಅತಿಯಾಗಿ ಮಾಡಿದ ಭಿಕ್ಷುಗಳು ತಮ್ಮ ದೇಹದ ಬಗ್ಗೆ ಜಿಗುಪ್ಸೆ ಬೆಳೆಸಿಕೊಂಡು ದುರಂತಕ್ಕೀಡಾದಾಗ, ಬುದ್ಧನು ಅದನ್ನೇ ಮುಂದುವರಿಸಿರಿ ಎನ್ನಲಿಲ್ಲ. ಉಳಿದವರನ್ನು ಸೇರಿಸಿ ಶಾಂತವಾದ ಆನಾಪಾನವನ್ನು ಹೇಳಿಕೊಟ್ಟನೆಂದು ಅವನ ಉಪದೇಶಗಳನ್ನು ಹೇಳುವ ಪಾಲಿಯ ಸುತ್ತವೊಂದರಲ್ಲಿದೆ. ಮೊದಲಿನ ವಿಧಾನ ಕೊಟ್ಟವನು ಅವನೇ, ಬದಲಿಸಿದವನೂ ಅವನೇ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ಕಾಣಿರಿ, ಧ್ಯಾನದ ವಿಷಯವನ್ನು ಮುಚ್ಚಿಡದೆ ಹೇಳಿ. ರಾತ್ರಿ ತೀರಾ ಹೆದರಿಕೆಯಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಉಣ್ಣಿ. ತಂದೆಯವರ ಜೊತೆ ಹೊಲಕ್ಕೆ ಹೋಗಿ ಮೈ ಬೆವರುವ ಕೆಲಸ ಮಾಡಿ, ಬರಿಗಾಲಿನಲ್ಲಿ ನಡೆಯಿರಿ, ರಾತ್ರಿ ಒಬ್ಬರೇ ಮಲಗಬೇಡಿ. ನಿದ್ದೆ ಮರಳಿ ಎರಡು ತಿಂಗಳಾಗಲಿ, ವೈದ್ಯರೂ ಒಪ್ಪಲಿ. ಯಾವ ಪದ್ಧತಿ ಎಂಬುದನ್ನು ಆಗ ಎದುರಿಗೆ ಕೂತು ಮಾತಾಡೋಣ.